ಫೈರ್‌ಫಾಕ್ಸ್ ಬಿಡಲು ಮನಸ್ಸಿಲ್ಲ

ಸಂಪಾದಕರೇ,

ಇಂಟರ್ನೆಟ್ ನೋಡಲು ನಾನು ಫೈರ್‌ಫಾಕ್ಸ್ ಬ್ರೌಸರ್ ಬಳಸುತ್ತೇನೆ ಎಂದರೆ ಮಗಳಿಗೆ ನಗು. 'ಅದಿನ್ನೂ ಇದೆಯಾ ಅಪ್ಪಾ?' ಎನ್ನುತ್ತಾಳೆ. ಇದೆ. 2004ರ ನವೆಂಬರ್‌ನಲ್ಲಿ 1.0 ಆವೃತ್ತಿ ಬಂದಾಗಿನಿಂದ ನನ್ನ ಕಂಪ್ಯೂಟರ್‌ನಲ್ಲಿ ಅದೇ ಇದೆ.

1998ರಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟಿತಲ್ವಾ, ಇದರ ಬೇರು ಅಲ್ಲಿದೆ. ಮೊದಲ ಹೆಸರು ಫೀನಿಕ್ಸ್, ಆಮೇಲೆ ಫೈರ್‌ಬರ್ಡ್. ಫೈರ್‌ಫಾಕ್ಸ್ ಎಂದರೆ ಕೆಂಪು ಪಾಂಡಾ ಅಂತೆ. ಲೋಗೋದಲ್ಲಿ ನನಗೆ ನರಿಯೇ ಕಾಣುತ್ತದೆ, ಬಿಡಿ.

ನನಗೆ ಜಾಸ್ತಿ ಇಷ್ಟ ಕಂಟೇನರ್ ಟ್ಯಾಬ್, ಅಂದರೆ ಒಂದೊಂದು ಕೆಲಸದ ಟ್ಯಾಬ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಪ್ರತ್ಯೇಕವಾಗಿಡುವ ಸೌಲಭ್ಯ. ಬ್ಯಾಂಕಿನ ಟ್ಯಾಬ್‌ಗೆ ಹಸಿರು ಗೆರೆ, ಕೆಲಸದ್ದಕ್ಕೆ ಕಿತ್ತಳೆ. ಒಂದರ ಕುಕಿ (ನಮ್ಮನ್ನು ಗುರುತಿಸಲು ತಾಣಗಳು ಬ್ರೌಸರಿನಲ್ಲಿ ಇಡುವ ಸಣ್ಣ ಮಾಹಿತಿ) ಇನ್ನೊಂದಕ್ಕೆ ಸಿಗುವುದಿಲ್ಲ. ಒಂದೇ ತಾಣದಲ್ಲಿ ನನ್ನ ಖಾತೆ, ಹೆಂಡತಿಯ ಖಾತೆ ಎರಡನ್ನೂ ಪಕ್ಕಪಕ್ಕದಲ್ಲೇ ತೆರೆದಿಡುತ್ತೇನೆ. ಲಾಗೌಟ್ ಮಾಡುವ ರಗಳೆಯೇ ಇಲ್ಲ.

ಒಂದೇ ಬೇಸರ. ಎಷ್ಟೋ ತಾಣ ಮಾಡುವವರು ಒಂದೇ ಬ್ರೌಸರ್‌ನಲ್ಲಿ ಪರೀಕ್ಷಿಸಿ ಕೈತೊಳೆದುಕೊಳ್ಳುತ್ತಾರೆ. ಮೊನ್ನೆ ಅರ್ಜಿ ತುಂಬಲು ಹೋದರೆ 'ಬೇರೆ ಬ್ರೌಸರ್ ಬಳಸಿ' ಎಂಬ ಸೂಚನೆ. ಸುಮ್ನೆ ಒಂದು ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿ, ಫೈರ್‌ಫಾಕ್ಸ್‌ಗೆ ಬೇರೆ ಬ್ರೌಸರಿನ ವೇಷ ತೊಡಿಸಿದೆ. ಪುಟ ತೆರೆಯಿತು. ಅರ್ಜಿಯೂ ಯಾವ ತಕರಾರಿಲ್ಲದೆ ಹೋಯಿತು. ಹಾಗಾದರೆ ಆ ಸೂಚನೆ ಯಾಕಿತ್ತು?

– ಒಬ್ಬ ಹಳೆಯ ಬಳಕೆದಾರ