ಮೈಸೂರು ನೋಡಿ ಬಂದೆವು

ಪ್ರಿಯ ಗೆಳೆಯ,

ಕಳೆದ ವಾರ ಮೈಸೂರಿಗೆ ಹೋಗಿದ್ದೆ. ತಂಗಿಯ ಮಗಳು ಬಿ.ಎ. ಮುಗಿಸಿದ್ದಾಳೆ, ಪ್ರಾಚೀನ ಇತಿಹಾಸದಲ್ಲಿ ಎಂ.ಎ. ಮಾಡುವ ಆಸೆ. ಬೆಂಗಳೂರಿನಲ್ಲಿಯೇ ಓದಲಿ, ಮನೆಯಿಂದ ಓಡಾಡಬಹುದು ಎಂಬುದು ಅವಳ ಅಪ್ಪನ ಮಾತು. "ಒಮ್ಮೆ ಊರು ನೋಡಿ ಬರುತ್ತೇನೆ, ಆಮೇಲೆ ಹೇಳುತ್ತೇನೆ" ಎಂದಳು. ಕರೆದುಕೊಂಡು ಹೋಗುವ ಭಾಗ್ಯ ಸೋದರಮಾವನಾದ ನನ್ನ ಪಾಲಿಗೆ ಬಂತು.

ರೈಲಿಳಿದು ನಡೆದೇ ಹೊರಟೆವು. ಮೈಸೂರು ವಿಶ್ವವಿದ್ಯಾನಿಲಯದ ಕಚೇರಿಯಿರುವ ಕ್ರಾಫರ್ಡ್ ಹಾಲ್ ಕಂಡೊಡನೆ ಆ ವಿಶ್ವವಿದ್ಯಾನಿಲಯದ ಬಗ್ಗೆ ನನ್ನ ಪುರಾಣ ಶುರುವಾಯಿತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಸೇರಿ ಕಟ್ಟಿದ್ದು, ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ದೇಶದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಎಂದೆಲ್ಲ. ಮಹಾರಾಜ ಕಾಲೇಜಿನ ಮುಂದೆ ರಾಧಾಕೃಷ್ಣನ್ ಅವರ ಕಥೆ ಹೇಳಿದೆ. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವು ಕಟ್ಟಿದ ಸಾರೋಟನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಕರೆದೊಯ್ದರಲ್ಲ, ಅದು. ಅವಳು ಕೇಳಿದ್ದು ಒಂದೇ: "ಎಳೆದವರಲ್ಲಿ ಹುಡುಗಿಯರು ಇದ್ದರೇ ಮಾವ?" ಹೆಣ್ಣುಮಕ್ಕಳಿಗೆ ಮಹಾರಾಣಿ ಕಾಲೇಜು ಬೇರೆ ಇತ್ತು ಎಂದೆ. ಇಷ್ಟು ವರ್ಷ ಆ ಕಥೆ ಹೇಳಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅಲ್ಲಿಂದ ಮುಂದೆ ಮಾತು ಕಡಿಮೆ ಮಾಡಿದೆ. ಅವಳ ಕಣ್ಣು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ನಾನೂ ನಿಂತೆ.

ಅದು ನಿಂತದ್ದು ಪ್ರಾಚ್ಯ ವಿದ್ಯಾ ಸಂಶೋಧನಾಲಯದಲ್ಲಿ. ನೀನು ಸಂಜೆಗಟ್ಟಲೆ ಒಳಗೆ ಕುಳಿತಿರುತ್ತಿದ್ದೆ, ನಾನು ಹೊರಗೆ ಮರದ ಕೆಳಗೆ ಕಾಯುತ್ತಿದ್ದೆ, ನೆನಪಿದೆಯೇ? ಈ ಸಲ ಒಳಗೆ ಹೋದೆ. ಅಲ್ಲಿನ ಹಿರಿಯರೊಬ್ಬರು ಅವಳ ಆಸಕ್ತಿ ಕಂಡು ಒಂದು ತಾಳೆಗರಿಯ ಕಟ್ಟನ್ನು ಬಿಚ್ಚಿದರು. ಎರಡು ಮರದ ಹಲಗೆಗಳು, ನಡುವೆ ತೂತಿನಲ್ಲಿ ಪೋಣಿಸಿದ ದಾರ. ಮೇಲಿನ ಗರಿ ಬೋಳಾಗಿ ಕಂಡಿತು. ಕಂಟದಿಂದ, ಅಂದರೆ ಚೂಪಾದ ಲೋಹದ ಲೇಖನಿಯಿಂದ, ಕೊರೆದ ಅಕ್ಷರಕ್ಕೆ ಬಣ್ಣವಿರುವುದಿಲ್ಲವಲ್ಲ. ಅವರು ಕಾಡಿಗೆ ಸವರಿ ಬಟ್ಟೆಯಿಂದ ಮೆಲ್ಲಗೆ ಒರೆಸಿದರು. ಗೀರುಗಳಲ್ಲಿ ಕಪ್ಪು ಉಳಿದು, ಸಾಲು ಸಾಲಾಗಿ ಅಕ್ಷರಗಳು ಎದ್ದು ಬಂದವು. ಹುಳು ಹಿಡಿಯದಿರಲೆಂದು ಹಚ್ಚಿದ ನಿಂಬೆಹುಲ್ಲಿನ ಎಣ್ಣೆಯ ವಾಸನೆ ಮೂಗಿಗೆ ಅಡರಿತು. ಹುಡುಗಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಇಲ್ಲಿಯೇ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಇಂಥದೇ ಗರಿಗಳ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು ಎಂದು ಆ ಹಿರಿಯರೇ ಹೇಳಿದರು. ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಪ್ರತಿ, ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥಲಿಪಿಯದು. ಅಲ್ಲಿಯವರೆಗೆ ಬೇರೆಯವರು ಉಲ್ಲೇಖಿಸಿದ ಮಾತುಗಳಿಂದಷ್ಟೇ ಲೋಕಕ್ಕೆ ಗೊತ್ತಿದ್ದ ಪುಸ್ತಕ 1909ರಲ್ಲಿ ಅಚ್ಚಾಗಿ ಹೊರಬಂತು. "ಅವರಿಗೆ ಆ ಲಿಪಿ ಬರದೇ ಇದ್ದಿದ್ದರೆ?" ಎಂದಳು ಇವಳು. ಹಿರಿಯರು ನಕ್ಕು, ಕಟ್ಟನ್ನು ಮತ್ತೆ ಕಟ್ಟಿದರು.

ಎಂ.ಎ. ತರಗತಿಗಳು ನಡೆಯುವ ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಗೂ ಹೋದೆವು. ವಿಭಾಗ, ಗ್ರಂಥಾಲಯ, ಹಾಸ್ಟೆಲ್ ಎಲ್ಲವನ್ನೂ ಅವಳೇ ವಿಚಾರಿಸಿಕೊಂಡಳು. ಕುಲಪತಿಯಾಗಿದ್ದಾಗ ಕುವೆಂಪು ಇಟ್ಟ ಹೆಸರು ಅದು ಎಂಬುದಷ್ಟನ್ನು ಮಾತ್ರ ಹೇಳದಿರಲು ನನ್ನಿಂದಾಗಲಿಲ್ಲ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುಳಿತಾಗ ಹೆಜ್ಜಾರ್ಲೆಗಳು ನಡುಗಡ್ಡೆಗೆ ಇಳಿಯುತ್ತಿದ್ದವು. ಅವಳು ನೋಟ್‌ಬುಕ್ ತೆಗೆದು, ಗರಿಯ ಮೇಲೆ ಕಂಡಿದ್ದ ನಾಲ್ಕೈದು ಅಕ್ಷರಗಳನ್ನು ನೆನಪಿನಿಂದ ಬರೆಯಲು ಯತ್ನಿಸುತ್ತಿದ್ದಳು. ಒಂದು ನಮ್ಮ 'ಯ'ದಂತೆ ಕಂಡಿತು, ಉಳಿದವು ನನಗೆ ತಿಳಿಯಲಿಲ್ಲ.

ಮೊನ್ನೆ ಅರ್ಜಿ ಹಾಕಿದಳು. ಅವಳ ಅಪ್ಪನನ್ನು ಒಪ್ಪಿಸುವುದು ನನಗಿರಲಿ. ನಿನ್ನಿಂದ ಒಂದು ಉಪಕಾರವಾಗಬೇಕು. ಆಗ ನೀನು ನೂರು ಪುಟದ ಪುಸ್ತಕದಲ್ಲಿ ಬರೆದುಕೊಂಡಿದ್ದ ಗ್ರಂಥಲಿಪಿಯ ಅಕ್ಷರಪಟ್ಟಿ ಇನ್ನೂ ಉಳಿದಿದ್ದರೆ, ಅವಳಿಗೆ ಕಳುಹಿಸಿಕೊಡುತ್ತೀಯಾ?

ನಿನ್ನ ಗೆಳೆಯ