ಒಂದೇ ಬಾಟಲಿ, ಎರಡು ಸಹಿ: ದಕ್ಷಿಣ ಪಿನಾಕಿನಿಗಾಗಿ ಒಂದು ಪತ್ರ

ಕೋಲಾರ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ನಮ್ಮಕ್ಕನನ್ನು ಹೊಸೂರಿನ ಆಚೆ ಕೊಟ್ಟಿದ್ದೇವೆ. ಮಳೆಗಾಲದಲ್ಲಿ ಫೋನ್ ಮಾಡಿದರೆ ಅವಳ ಮೊದಲ ಮಾತೇ, "ನಿಮ್ಮೋರು ಮತ್ತೆ ಸೋಪು ಕಳಿಸವ್ರೆ ಕಣೋ!" ಕೆಲವರಪಳ್ಳಿ ಜಲಾಶಯದ ಗೇಟು ಎತ್ತಿದಾಗ ಹೊಳೆಯ ತುಂಬ ನೊರೆ. ನಂದಿಬೆಟ್ಟದಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ತಮಿಳುನಾಡಿನ ಗಡಿ ದಾಟುವಷ್ಟರಲ್ಲಿ ವರ್ತೂರು ಕೆರೆಯ ಕೋಡಿ ನೀರು, ಅಂದರೆ ಬೆಂಗಳೂರಿನ ಪೂರ್ವಭಾಗದ ಕೊಳಚೆ, ಬಂದು ಸೇರಿರುತ್ತದೆ. ಬಟ್ಟೆ ಒಗೆದ ಪುಡಿಯೆಲ್ಲ ಅದರಲ್ಲೇ. ಎತ್ತರದಿಂದ ಬಿದ್ದು ಕಡೆದಾಗ ನೊರೆ ಏಳದೆ ಇನ್ನೇನಾದೀತು?

ಆ ಸಂಕಟ ಕೋಲಾರದವರಿಗೆ ಗೊತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಕಳಿಸುವ ನೀರು, ಲಕ್ಷ್ಮೀಸಾಗರ ಕೆರೆಗೆ ಹರಿದು, ಕೆಲವೇ ವಾರಗಳಲ್ಲಿ ನೊರೆ ಎದ್ದಾಗ ನಾವೂ ಕೇಳಿದ್ದು ಇದನ್ನೇ: ಈ ನೀರನ್ನು ಯಾರು, ಯಾವತ್ತು, ಎಲ್ಲಿ ಪರೀಕ್ಷೆ ಮಾಡಿದರು?

ಗಡಿಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ನಮ್ಮ ಮಾಲಿನ್ಯ ನಿಯಂತ್ರಣ ಮಂಡಳಿಯದೊಂದು ಲೆಕ್ಕ, ತಮಿಳುನಾಡಿನದು ಇನ್ನೊಂದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಾರೂ ಸುಳ್ಳು ಹೇಳಬೇಕಿಲ್ಲ. ಮಳೆ ಸುರಿದ ಮರುದಿನ ತುಂಬಿದ ಬಾಟಲಿಗೂ ಬಿಸಿಲಲ್ಲಿ ಹೊಳೆ ಸೊರಗಿದಾಗ ತುಂಬಿದ್ದಕ್ಕೂ ಫಲಿತಾಂಶ ಒಂದೇ ಬರುವುದಿಲ್ಲ. ಕರಗಿದ ಆಮ್ಲಜನಕವನ್ನಂತೂ ಹೊಳೆ ದಂಡೆಯಲ್ಲೇ ಅಳೆಯಬೇಕು, ಇಲ್ಲವೇ ಅಲ್ಲೇ ರಾಸಾಯನಿಕ ಹಾಕಿ ಹಿಡಿದಿಡಬೇಕು. ಬಿ.ಒ.ಡಿ. (ನೀರಲ್ಲಿನ ಕೊಳೆ ಕರಗಲು ಎಷ್ಟು ಆಮ್ಲಜನಕ ಬೇಕೆಂಬ ಲೆಕ್ಕ) ನೋಡುವ ನೀರನ್ನು ಐಸಿನಲ್ಲಿಟ್ಟು ಬೇಗ ಲ್ಯಾಬು ಮುಟ್ಟಿಸಬೇಕು. ಜೀಪು ತಡವಾದರೆ ಲೆಕ್ಕವೂ ಕೆಟ್ಟಿತು.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ತಿಂಗಳಿಗೊಮ್ಮೆ, ಗಡಿಯ ಒಂದೇ ಜಾಗದಲ್ಲಿ, ಎರಡೂ ಮಂಡಳಿಯವರು ನಿಂತು ಒಟ್ಟಿಗೆ ನೀರು ತುಂಬಲಿ. ಬಾಟಲಿಗೆ ಇಬ್ಬರೂ ಸಹಿ ಹಾಕಲಿ. ವರದಿ ಕನ್ನಡ, ತಮಿಳು ಎರಡರಲ್ಲೂ ಪಂಚಾಯಿತಿ ಬೋರ್ಡಿಗೆ ಬರಲಿ.

ಕಾನೂನು ಅಡ್ಡ ಬರುವುದಿಲ್ಲ. 1974ರ ಜಲ ಕಾಯ್ದೆಯ 13ನೇ ಕಲಂ, ಅಕ್ಕಪಕ್ಕದ ರಾಜ್ಯಗಳು ಒಪ್ಪಂದ ಮಾಡಿಕೊಂಡು ಜಂಟಿ ಮಂಡಳಿಯನ್ನೇ ಕಟ್ಟಬಹುದು ಎನ್ನುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ಮೈಸೂರು-ಮದ್ರಾಸು 1892ರ ಒಪ್ಪಂದದ ಪಟ್ಟಿಯಲ್ಲಿ ಈ ನದಿಯೂ ಇದೆ, ನಮ್ಮ ಪಾಲಾರೂ ಇದೆ. ಆದರೆ ಅಲ್ಲಿನ ಚಿಂತೆಯೆಲ್ಲ ಯಾರು ಎಲ್ಲಿ ಕಟ್ಟೆ ಕಟ್ಟಬಹುದು ಎಂಬುದರದ್ದು. 2018ರಲ್ಲಿ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋದದ್ದೂ ನೀರಿನ ಪಾಲಿಗೇ. ಪಾಲು ಹಂಚಿಕೊಂಡ ಮೇಲೆ ಕೊಡದಲ್ಲಿ ಏನು ಬಂತೆಂದು ನೋಡುವವರಿಲ್ಲ.

1986ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ರಾಸಾಯನಿಕದ ಗೋದಾಮು ಹೊತ್ತಿ ಉರಿದು ರೈನ್ ನದಿಯ ಮೀನು ರಾಶಿರಾಶಿ ಸತ್ತವು. ಇಂದು ಆ ಊರು ದಾಟಿ ನದಿ ಹರಿಯುವ ಕಡೆ, ಜರ್ಮನಿಯ ನೆಲದಲ್ಲಿ, ಎರಡೂ ದೇಶದವರು ಸೇರಿ ನಡೆಸುವ ಪರೀಕ್ಷಾ ಕೇಂದ್ರವಿದೆ. ನೀರು ನೋಡುವವರು ಬಾಸೆಲಿನವರು! ಮಾಲೂರಿಗೂ ಹೊಸೂರಿಗೂ ಒಂದು ಬಸ್ಸಿನ ದೂರ. ನಮ್ಮ ನಡುವೆ ಪಾಸ್‌ಪೋರ್ಟೂ ಬೇಕಿಲ್ಲ.

ಮೊದಲ ಬಾಟಲಿ ತುಂಬುವ ದಿನ ತಿಳಿಸಿ. ಅಕ್ಕನನ್ನು ಕರೆತರುತ್ತೇನೆ. ತಮಿಳು ವರದಿಯನ್ನು ಅವಳು ಓದುತ್ತಾಳೆ, ಕನ್ನಡದ್ದನ್ನು ನಾನು ಓದುತ್ತೇನೆ. ಅಂಕಿ ತಾಳೆಯಾಗುತ್ತವೋ ನೋಡೋಣ.

ಇಂತಿ,
ಮಾಲೂರು ತಾಲ್ಲೂಕಿನ ಒಬ್ಬ ತರಕಾರಿ ಬೆಳೆಗಾರ