51ಕ್ಕೆ ಇಳಿಯಬೇಡ

ಬಳ್ಳಾರಿ,
ಭಾನುವಾರ ರಾತ್ರಿ

ಮಗಳೇ,

ನೀನು ಹುಬ್ಬಳ್ಳಿ ಮುಟ್ಟಿದ್ದು ನಿನ್ನ ತಮ್ಮನ ಮೊಬೈಲಿಗೆ ಬಂದ ಮೆಸೇಜಿನಿಂದ ಗೊತ್ತಾಯಿತು. ನನಗೆ ಹಾಕಿಲ್ಲ. ಇರಲಿ. ಊಟದ ಹೊತ್ತಿಗೆ ನಾವಿಬ್ಬರೂ ಆಡಿದ್ದನ್ನು ಮತ್ತೆ ಬರೆಯುವುದಿಲ್ಲ. ಕೌಲ್ ಬಜಾರಿನ ಅರ್ಧ ಓಣಿಗೆ ಅದು ಆಗಲೇ ಕೇಳಿಸಿದೆ. ಅಷ್ಟು ಜೋರಾಗಿ ಕೂಗಿದ್ದಕ್ಕೆ ಬೇಜಾರಿದೆ. ಹೇಳಿದ ಮಾತಿಗೆ ಬೇಜಾರಿಲ್ಲ. ಅದನ್ನೇ ಈಗ ಕೂಗದೆ ಹೇಳುತ್ತೇನೆ. ಬಾಕ್ಸಿಂಗ್ ಟ್ರಯಲ್ಸಿಗೆ 51 ಕೆಜಿ ವಿಭಾಗಕ್ಕೆ ತೂಕ ಇಳಿಸಲು ಹೊರಟಿದ್ದೀ. 51ಕ್ಕೆ ಇಳಿಯಬೇಡ.

ನೀನು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗಿತ್ತು. ಜೀನ್ಸ್ ಹೊಲಿದೇ ಕೂದಲು ಬೆಳ್ಳಗಾದವನು ನಾನು. ಸೊಂಟ ಕಂಡರೆ ಅಳತೆ ಹೇಳುತ್ತೇನೆ. ಹೋದ ವರ್ಷ 60 ಕೆಜಿಗೆ ಆಡಬೇಕು ಅಂತ ತಿಂದು ತಿಂದು ಬಂದಾಗ ನಿನ್ನ ಪ್ಯಾಂಟನ್ನು 32ಕ್ಕೆ ಬಿಡಿಸಿಕೊಟ್ಟೆ. ಈ ಸಲ ಅದನ್ನೇ ತಂದು, ‘ಅಪ್ಪಾ, 28 ಮಾಡಿಕೊಡು’ ಅಂದೆಯಲ್ಲ. ಬಟ್ಟೆಗಾದರೆ ಒಳಗೆ ಅಂಚು ಬಿಟ್ಟಿರುತ್ತೇವೆ, ಬೇಕಾದಾಗ ಬಿಚ್ಚಬಹುದು, ಬೇಕಾದಾಗ ಹಿಡಿಯಬಹುದು. ಮೈಯಲ್ಲಿ ಅಂಥ ಅಂಚು ಎಲ್ಲಿಂದ ತರ್ತೀ?

ಆಮೇಲೆ ಮಾಳಿಗೆ ಮೇಲೆ ನೋಡಿದೆ. ಮೇ ತಿಂಗಳ ಬಳ್ಳಾರಿ ಬಿಸಿಲು, ನಾಯಿ ಕೂಡ ನೆರಳು ಬಿಟ್ಟು ಏಳದ ಹೊತ್ತು. ನೀನು ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಹಗ್ಗ ಜಿಗಿಯುತ್ತಿದ್ದೆ. ಕೇಳಿದರೆ ಮೇರಿ ಕೋಮ್ ಹೆಸರು ಹೇಳಿದೆ. 2018ರಲ್ಲಿ ಪೋಲೆಂಡಿನಲ್ಲಿ ಅವರು ನಾಲ್ಕು ಗಂಟೆಯಲ್ಲಿ 2 ಕೆಜಿ ಇಳಿಸಿ ರಿಂಗಿಗೆ ಹೋದರು, ಚಿನ್ನ ಗೆದ್ದರು. ಹೌದು, ಗೆದ್ದರು. ಆದರೆ ಅದು 2 ಕೆಜಿ. ನೀನು 60ರಿಂದ 51ಕ್ಕೆ ಹೊರಟಿದ್ದೀ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಕಾಲೇಜು ಕುಸ್ತಿಯ ಮೂವರು ಹುಡುಗರು ಹೀಗೇ ತೂಕ ಇಳಿಸಲು ಹೋಗಿ ಒಂದೇ ತಿಂಗಳ ಆಸುಪಾಸಿನಲ್ಲಿ ತೀರಿಕೊಂಡರು. ಬೆವರು ಹರಿಯಲಿ ಅಂತ ಮೈ ಮುಚ್ಚಿ ಕಸರತ್ತು ಮಾಡಿದವರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಆ ಜಾಕೆಟ್ಟನ್ನೇ ನಿಷೇಧ ಮಾಡಿದರು. ನೀನು ಅದನ್ನು ಬ್ಯಾಗಿನಲ್ಲಿ ಮಡಚಿಟ್ಟುಕೊಂಡು ಓಡಾಡ್ತೀ.

ಯೂಟ್ಯೂಬ್ ನೋಡಿ ಬುದ್ಧಿ ಹೇಳಬೇಡ ಅಂದೆ. ಸರಿ, ಯೂಟ್ಯೂಬ್ ಬೇಡ. ಕಣ್ಣಾರೆ ಕಂಡಿದ್ದು ಹೇಳುತ್ತೇನೆ.

ಆ ಲಾಡ್ಜಿನ ರಾತ್ರಿ. ನಾವಿಬ್ಬರೂ ಇವತ್ತಿನವರೆಗೆ ಅದರ ಮಾತೆತ್ತಿಲ್ಲ. ನ್ಯಾಷನಲ್ಸ್ ಫೈನಲಿನ ಹಿಂದಿನ ರಾತ್ರಿ. 54ಕ್ಕಿಂತ ಸ್ವಲ್ಪವೇ ಸ್ವಲ್ಪ ಮೇಲೆ ಇದ್ದೆ. ಬಚ್ಚಲಿನಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿಕೊಂಡು, ಎರಡು ಸ್ವೆಟರ್ ಹಾಕಿ ಆ ಹಬೆಯಲ್ಲಿ ಕೂತಿದ್ದೆ. ಹೊರಗೆ ಬಂದು ಚ್ಯೂಯಿಂಗ್ ಗಮ್ ಅಗಿಯುತ್ತಾ ಸ್ಟೀಲಿನ ಲೋಟಕ್ಕೆ ಉಗುಳುತ್ತಿದ್ದೆ. ಉಗುಳೂ ತೂಕವೇ ಅಂತ ಆವತ್ತು ನನಗೆ ಗೊತ್ತಾಯಿತು. ಬೆಳಗಿನ ಜಾವ ಉಗುಳೂ ಬರಲಿಲ್ಲ. ಆಗ ನೀನು ನನ್ನ ಚೀಲದಲ್ಲಿದ್ದ, ನೂಲು ಕತ್ತರಿಸುವ ಆ ಸಣ್ಣ ಕತ್ತರಿ ತಂದು ಕೈಗೆ ಕೊಟ್ಟೆ. ‘ಜಡೆ ತೆಗಿ ಅಪ್ಪಾ.’ ಅದರಲ್ಲಿ ಒಂದೇ ಸಲಕ್ಕೆ ಕತ್ತರಿಸಲು ಆಗಲಿಲ್ಲ. ಎಳೆ ಎಳೆಯಾಗಿ ಕತ್ತರಿಸಬೇಕಾಯಿತು. ನೀನು ಅಳಲಿಲ್ಲ. ಅಳಲು ಮೈಯಲ್ಲಿ ನೀರೇ ಇರಲಿಲ್ಲ ಅಂತ ನನಗೆ ಆಮೇಲೆ ಹೊಳೆಯಿತು. ಜಡೆಯನ್ನು ಪೇಪರಿನಲ್ಲಿ ಸುತ್ತಿ ಊರಿಗೆ ತಂದೆ. ಅದಕ್ಕೆ ಎಣ್ಣೆ ಹಚ್ಚಿ ಬೆಳೆಸಿದ್ದ ನಿನ್ನ ಅಜ್ಜಿ ಏನೂ ಕೇಳಲಿಲ್ಲ. ತೆಗೆದುಕೊಂಡು ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ನೀನು ಗೆದ್ದೆ. ಆ ಫೋಟೊ ಅಂಗಡಿಯಲ್ಲಿದೆ. ಬಂದವರೆಲ್ಲ ‘ಎಂಥ ನಗು ರೀ ನಿಮ್ಮ ಮಗಳದು’ ಅನ್ನುತ್ತಾರೆ. ನನಗೆ ತುಟಿ ಮಾತ್ರ ಕಾಣುತ್ತದೆ. ಒಡೆದು ಬೆಳ್ಳಗಾದ ತುಟಿ.

2024ರ ಆಗಸ್ಟ್ 7ರಂದು ವಿನೇಶ್ ಫೋಗಟ್ ಸುದ್ದಿ ಬಂದಾಗ ಫೋನ್ ಮಾಡಿ ಅತ್ತೆಯಲ್ಲ, ನೆನಪಿದೆಯಾ? ಹಿಂದಿನ ದಿನ ಮೂರು ಕುಸ್ತಿ ಗೆದ್ದಿದ್ದರು. ಬೆಳಿಗ್ಗೆ 100 ಗ್ರಾಂ ಜಾಸ್ತಿ, ಆಟದಿಂದ ಹೊರಗೆ. ಅವರ ಮೊದಲಿನ ತೂಕ 53. ಆ ಜಾಗ ಬೇರೆಯವರಿಗೆ ಹೋಗಿದ್ದರಿಂದ 50ಕ್ಕೆ ಇಳಿದವರು. ರಾತ್ರಿ ಕೂದಲನ್ನೂ ಕತ್ತರಿಸಿದ್ದರಂತೆ ಅಂತ ನೀನೇ ಹೇಳಿದೆ. ನಾನು ‘ಹ್ಞೂಂ’ ಅಂದು ಸುಮ್ಮನಾದೆ. ಯಾಕೆ ಅಂತ ಈಗ ಗೊತ್ತಾಗಿರಬೇಕು.

ನಿಮ್ಮ ಆಟದಲ್ಲೂ ಅದೇ ಕಷ್ಟ. ಪ್ರೊಫೆಷನಲ್‌ನವರಿಗೆ ಪಂದ್ಯದ ಹಿಂದಿನ ದಿನ ತೂಕ, ಆಮೇಲೆ ತಿಂದು ಕುಡಿದು ಚೇತರಿಸಿಕೊಳ್ಳುತ್ತಾರೆ. ನಿಮಗೆ ಆಡುವ ದಿನ ಬೆಳಿಗ್ಗೆಯೇ ತಕ್ಕಡಿ. ಗೆದ್ದರೆ ಮುಂದಿನ ಪಂದ್ಯದ ದಿನ ಮತ್ತೆ ತಕ್ಕಡಿ. ಗೆದ್ದಷ್ಟೂ ಉಪವಾಸ. ಮೂವತ್ತೆರಡರ ಮೈ ಇದನ್ನು ಇಪ್ಪತ್ತರ ಮೈ ತಡೆದ ಹಾಗೆ ತಡೆಯುತ್ತದಾ?

ನಿನ್ನ ಕೋಣೆಯ ಗೋಡೆಯ ಮೇಲಿರುವ ಅಮೆರಿಕದ ಬಾಕ್ಸರ್ ರಾಯ್ ಜೋನ್ಸ್‌ನನ್ನೇ ನೋಡು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎದುರಾಳಿಯನ್ನು ಆಡಿಸುವುದನ್ನು ಅವನಿಂದಲೇ ಕಲಿತೆ. ನಿನ್ನ ಕೋಚ್ ಬೈದರೂ ಬಿಡಲಿಲ್ಲ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ತೀರ್ಪುಗಾರರಿಂದ ಅವನಿಗಾದ ಮೋಸ ಓದಿ, ‘ನನ್ನ ಸ್ಟೇಟ್ ಫೈನಲಿನ ಹಾಗೇ ಆಯ್ತು ನೋಡು’ ಅಂತ ನೀನೇ ಅಂದಿದ್ದೆ. ಅಂಥವನು 2003ರ ಮಾರ್ಚಿನಲ್ಲಿ 87 ಕೆಜಿಗೆ ಮೈ ಬೆಳೆಸಿ ಹೆವಿವೇಟ್ ಪಟ್ಟ ಗೆದ್ದ. ಅಲ್ಲಿಗೆ ಸಾಕು ಅನ್ನಬಹುದಿತ್ತು. ಅನ್ನಲಿಲ್ಲ. ಅದೇ ನವೆಂಬರಿನಲ್ಲಿ 79ರ ಆಸುಪಾಸಿಗೆ ಇಳಿದು ಟಾರ್ವರ್ ಜೊತೆ ಆಡಿದ, ಏದುಸಿರು ಬಿಟ್ಟು ಗೆದ್ದ. ಅಲ್ಲಿಯವರೆಗೆ ಪ್ರೊಫೆಷನಲ್ ಆಟದಲ್ಲಿ ಅವನು ಸೋತಿದ್ದು ಒಂದೇ ಸಲ, ಅದೂ ಫೌಲಿನಿಂದ. 2004ರ ಮೇನಲ್ಲಿ ಅದೇ ಟಾರ್ವರ್ ಎರಡನೇ ಸುತ್ತಿನಲ್ಲಿ ಮಲಗಿಸಿದ. ಸೆಪ್ಟೆಂಬರಿನಲ್ಲಿ ಗ್ಲೆನ್ ಜಾನ್ಸನ್ ಒಂಬತ್ತನೇ ಸುತ್ತಿನಲ್ಲಿ ಬೀಳಿಸಿದ. ಎಷ್ಟೋ ಹೊತ್ತು ಏಳಲಿಲ್ಲ. ಆ ವಿಡಿಯೊ ನೀನು ಪೂರ್ತಿ ನೋಡಿಲ್ಲ, ನಾನು ನೋಡಿದ್ದೇನೆ. ತೂಕ ಇಳಿಸಿದ್ದೇ ಕಾರಣ ಅಂತ ನಾನು ಹೇಳಲ್ಲ, ವಯಸ್ಸೂ ಆಗಿತ್ತು. ಆದರೂ ಬಿಡಲಿಲ್ಲ. ಮಾಸ್ಕೋದಲ್ಲಿ 2011ರಲ್ಲಿ ಒಮ್ಮೆ, 2015ರಲ್ಲಿ ಒಮ್ಮೆ ನಾಕೌಟ್. 2018ರಲ್ಲಿ ವಿದಾಯ ಅಂದ. 2023ರಲ್ಲಿ 54ನೇ ವಯಸ್ಸಿನಲ್ಲಿ ಮತ್ತೆ ರಿಂಗಿಗೆ ಇಳಿದು ಸೋತ. ಅವನಿಗೆ ಬುದ್ಧಿ ಹೇಳುವ ಅಪ್ಪ ನಾನಲ್ಲ. ನಿನಗೆ ನಾನೇ.

ನಲವತ್ತರವರೆಗೂ ಆಡಲು ರೂಲಿದೆ ಅಂದೆ. ರೂಲು ಆಡಲು ಬಿಡುತ್ತದೆ ಅಷ್ಟೆ, ಏಟು ಅದು ತಿನ್ನುವುದಿಲ್ಲ. ಮೊನ್ನೆ ಬಾಗಿಲ ಚಿಲಕ ಹಾಕುವಾಗ ನಿನ್ನ ಬಲಗೈ ನಡುಗಿದ್ದನ್ನು ನಾನು ನೋಡಿದೆ. ಹಸಿವಿಗೆ ಇರಬಹುದು. ಇರಲಿ ಅಂತ ದುರ್ಗಮ್ಮನಿಗೆ ಹೇಳಿಕೊಂಡಿದ್ದೇನೆ.

ಆಟ ಬಿಟ್ಟರೆ ನಾನು ಯಾರು ಅಂದೆಯಲ್ಲ, ಆ ಮಾತಿಗೆ ನನ್ನ ಬಾಯಿ ಕಟ್ಟಿತು. ಈಗ ಹೇಳುತ್ತೇನೆ. ರೈಲ್ವೆಯಲ್ಲಿ ನೌಕರಿ ಇದೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚಿಂಗ್ ಡಿಪ್ಲೊಮಾ ಇದೆ, ಇಲಾಖೆಯಲ್ಲಿ ರಜೆ ಕೇಳು, ಅರ್ಜಿ ಹಾಕು. ತೋರಣಗಲ್ಲಿನ ಹತ್ತಿರ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾದಾಗ, ‘ನನ್ನ ಕಾಲಕ್ಕೆ ಇದಿರಲಿಲ್ಲ’ ಅಂತ ಬೇಜಾರು ಮಾಡಿಕೊಂಡಿದ್ದೆ. ಅಲ್ಲಿ ಬಾಕ್ಸಿಂಗ್ ಇದೆ. ಸಂಡೂರು, ಕಂಪ್ಲಿ ಕಡೆ ಗಟ್ಟಿ ಹುಡುಗಿಯರಿದ್ದಾರೆ. ಬೆಳಿಗ್ಗೆ ಬೇಗ ಏಳು, ದುಡ್ಡು ಉಳಿಸು, ಸರಿಯಾಗಿ ಉಣ್ಣು... ನೋಡು, ಭಾಷಣ ಶುರುವಾಯ್ತು. ನೀನು ಮೂತಿ ತಿರುಗಿಸಿರ್ತೀ. ತಿರುಗಿಸು, ಆದರೆ ಓದು.

ಒಂದು ಮಾತು ಮಾತ್ರ ತಪ್ಪು ತಿಳಿಯಬೇಡ. ನಿನ್ನ ಆಟ ನನಗೆ ಸಾಕಾಗಿಲ್ಲ. ವಾಷಿಂಗ್ ಯೂನಿಟ್ಟಿನ ಹುಡುಗರಿಗೆ ಇವತ್ತಿಗೂ ನಿನ್ನ ಎಡಗೈ ಹುಕ್ ಮಾಡಿ ತೋರಿಸುತ್ತೇನೆ, ಅವರು ನಗುತ್ತಾರೆ. ರಾಯಲ್ ಸರ್ಕಲ್ಲಿನಲ್ಲಿ ಒಗ್ಗರಣೆ ಮಿರ್ಚಿ ತಿನ್ನುವಾಗ ಯಾರಾದರೂ ‘ಬಾಕ್ಸರ್ ಅಪ್ಪ’ ಅಂದರೆ ಇನ್ನೊಂದು ಪ್ಲೇಟ್ ನನ್ನ ಲೆಕ್ಕದಲ್ಲಿ ಹೇಳುತ್ತೇನೆ. ನಿಮ್ಮವ್ವನಿಗೆ ಈ ಖರ್ಚಿನ ವಿಷಯ ಗೊತ್ತಿಲ್ಲ. ಮತ್ತೆ ಆ ರಾತ್ರಿಯೇ ನೆನಪಿಗೆ ಬರುತ್ತದೆ, ಏನು ಮಾಡಲಿ. ಎಳೆ ಎಳೆಯಾಗಿ ಕತ್ತರಿಸಿದ್ದು, ನೀನು ತಲೆ ಅಲ್ಲಾಡಿಸದೆ ಕೂತಿದ್ದು. ‘ಬೇಗ ಅಪ್ಪಾ’ ಅಂದಿದ್ದೆ. ದನಿ ನಿನ್ನದಾಗಿರಲಿಲ್ಲ.

ಬಿಡಲೇಬಾರದು ಅಂತಿದ್ದರೆ 57ಕ್ಕೆ ಆಡು. ಉಂಡುಕೊಂಡು ಮುಟ್ಟುವ ತೂಕ ಅದು. ಅಲ್ಲಿ ಹುಡುಗಿಯರು ಎತ್ತರ ಅಂತೀ. ಮೇರಿ ಕೋಮ್ ಲಂಡನ್ ಒಲಿಂಪಿಕ್ಸಿಗಾಗಿ 51ಕ್ಕೆ ಮೇಲೇರಿ, ತನಗಿಂತ ಎತ್ತರದವರ ಜೊತೆ ಆಡಿಯೇ 2012ರಲ್ಲಿ ಕಂಚು ತಂದರು. ಸೋತರೆ ಸೋಲು. ತಿಂದು ಸೋತವಳನ್ನು ಮನೆಗೆ ಕರೆದುಕೊಂಡು ಬರಬಹುದು.

ಟ್ರಯಲ್ಸಿಗೆ 57 ಅಂತ ಬರೆದುಕೊಟ್ಟರೆ ಹೇಳು, ದೆಹಲಿಗೆ ಟಿಕೆಟ್ ಮಾಡಿಸುತ್ತೇನೆ. 51 ಆದರೆ ನಾನು ಬರುವುದಿಲ್ಲ. ಹೀಗೆ ಬರೆದೆ, ಆದರೆ ಬಂದೇ ಬರುತ್ತೇನೆ ಅಂತ ನಿನಗೆ ಗೊತ್ತು, ಅದೇ ನನ್ನ ಕಷ್ಟ. ಕತ್ತರಿ ಮಾತ್ರ ತರುವುದಿಲ್ಲ.

ಶನಿವಾರದೊಳಗೆ ಡಾಕ್ಟರ್ ಹತ್ತಿರ ಹೋಗಿ ರಕ್ತ, ಕಿಡ್ನಿ ಪರೀಕ್ಷೆ ಮಾಡಿಸು. ಕೈ ನಡುಗಿದ್ದನ್ನೂ ಹೇಳು, ಮುಚ್ಚಿಡಬೇಡ. ರಿಪೋರ್ಟಿನ ಫೋಟೊ ತಮ್ಮನಿಗಲ್ಲ, ನನಗೆ ಹಾಕು.

ನಿನ್ನ ಅಪ್ಪ